ಚುಕ್ಕಿಗೆರೆ

ಡುಲೂತಿನಲ್ಲಿ ಏಪ್ರಿಲ್ ಅಂದರೆ ಬಣ್ಣ ಬಳಿಯುವವರ ಸುಗ್ಗಿ.
ಹೋದ ವರ್ಷದ ಅದಿರಿನ ಕೆಂಪು, ಚಳಿಗಾಲದ ಕಲ್ಲಿದ್ದಲ ಮಸಿ,
ಎರಡನ್ನೂ ಮುಚ್ಚಿಬಿಡಬೇಕು
ಸರೋವರದ ಹೆಪ್ಪು ಒಡೆದು ಮೊದಲ ಹಡಗು ಕೂಗುವುದರೊಳಗೆ.

ಅಂಥದೊಂದು ಏಪ್ರಿಲ್ಲಿನಲ್ಲೇ ಇಂಪಿ ರೌತಿಯೊ
ನಮ್ಮ ಕಚೇರಿಯ ಮೂರು ಮಹಡಿ ಹತ್ತಿ ಬಂದದ್ದು.
ಕಂಕುಳಲ್ಲಿ ಫಿನ್ನಿಶ್ ಪತ್ರಿಕೆಯಲ್ಲಿ ಸುತ್ತಿದ ಕುಂಚ,
ಕುಂಚದ ಕೊರಳಿಗೆ ಅರ್ಧಕ್ಕೆ ಕೊಯ್ದ ರಬ್ಬರ್ ಚೆಂಡು,
ಭಿಕ್ಷೆಗೆ ಒಡ್ಡಿದ ಬಟ್ಟಲಿನ ಹಾಗೆ ಬಾಯಿ ಮೇಲಾಗಿ.

"ಮಗನ ಚೆಂಡು. ಇವತ್ತಿಗೂ ಮಾತು ಬಿಟ್ಟಿದ್ದಾನೆ."

ಚಾವಣಿ ಬಳಿಯುವಾಗ ಬಣ್ಣ ಇಳಿಯುವ ದಾರಿಯನ್ನು
ತೋಳು ಎತ್ತಿ ತೋರಿಸಿದಳು:
ಹಿಡಿಯಿಂದ ಮಣಿಕಟ್ಟು, ಮಣಿಕಟ್ಟಿನಿಂದ ಮೊಣಕೈ,
ಅಲ್ಲಿಂದ ಕಂಕುಳು.
"ಹನ್ನೊಂದು ವರ್ಷ. ಟರ್ಪೆಂಟೈನ್ ಹಾಕಿ ಉಜ್ಜಿ ಉಜ್ಜಿ
ಇಲ್ಲಿ ಕೂದಲೇ ಬೆಳೆಯುವುದಿಲ್ಲ ನೋಡಿ."

ವಕೀಲ ಟೊರ್ಗರ್ಸನ್ ಕನ್ನಡಕ ಏರಿಸಿಕೊಂಡರು:
ನೀವು ಹಕ್ಕು ಕೇಳುತ್ತಿರುವುದು ನಿಖರವಾಗಿ ಯಾವುದಕ್ಕೆ?
ಬಟ್ಟಲಿಗೆ, ಅಂದಳು.
ಬಟ್ಟಲು ಆಗಲೇ ಒಬ್ಬರದು, ಒಹಾಯೊದ ಹಲ್ಲಿನ ಡಾಕ್ಟರು.
ಹಾಗಾದರೆ ರಬ್ಬರಿಗೆ.
ರಬ್ಬರು ಇನ್ನೊಬ್ಬರದು. ಅವರು ತೀರಿಹೋದರು, ಹಕ್ಕು ಬದುಕಿದೆ.
ಕೊರಳಿಗೆ ಸಿಕ್ಕಿಸಿದ್ದಕ್ಕೆ?
ಅದಕ್ಕೆ ಮೂವರಿದ್ದಾರೆ. ಕೋರ್ಟಿನಲ್ಲಿದ್ದಾರೆ.

ಜರಡಿಯಲ್ಲಿ ಎಲ್ಲ ಉದುರಿ ಕೊನೆಗೆ ಉಳಿದದ್ದು
ಬಟ್ಟಲಿನ ಅಂಚಿಗೆ, ಒಂದು ಪಕ್ಕಕ್ಕೆ,
ಬ್ರೆಡ್ಡಿನ ಚಾಕುವಿನಿಂದ ಆಕೆ ಹಾಕಿದ ಒಂದು ಕಚ್ಚು.
ಜೋಳದ ಕಾಳಿನಷ್ಟು.
ಅದು ಯಾಕೆ?
"ತುಂಬಿದ್ದನ್ನು ಡಬ್ಬಿಗೆ ವಾಪಸು ಸುರಿಯಲಿಕ್ಕೆ.
ಚೆಲ್ಲುವಷ್ಟು ದುಡ್ಡು ಯಾರ ಹತ್ತಿರ ಇದೆ?"

ವಕೀಲರ ಮುಖ ಅರಳಿತು. ಟೈಪ್ ಮಾಡಿಸಿದರು:
ಸದರಿ ಹಿಡಿಯನ್ನು ಸುತ್ತುವರಿದ ಸದರಿ ಬಟ್ಟಲಿನ
ಸದರಿ ಅಂಚಿನಲ್ಲಿ, ಸದರಿ ದ್ರವವು ಮರಳತಕ್ಕದ್ದಾಗಿ,
ಕನಿಷ್ಠ ಒಂದು ಕಚ್ಚು.
ಅಷ್ಟೊಂದು ಸದರಿಗಳ ಸಂದಣಿಯಲ್ಲಿ
ಮಾತು ಬಿಟ್ಟ ಹುಡುಗ ಎಲ್ಲೂ ಕಾಣಲಿಲ್ಲ.

ಚಿತ್ರ ಬರೆಯುವವನು ನಾನು.
ದಪ್ಪ ಬಿಳಿ ಹಾಳೆ, ಕಪ್ಪು ಶಾಯಿ. ನಿಯಮ ಸರಳ:
ಹಕ್ಕಿರುವುದಕ್ಕೆ ತುಂಬುಗೆರೆ, ಇಲ್ಲದ್ದಕ್ಕೆ ಚುಕ್ಕಿಗೆರೆ.
ಕಚ್ಚಿಗೆ ತುಂಬುಗೆರೆ, ಅಂಕಿ ಹದಿನಾಲ್ಕು.
ಹಿಡಿಯ ಮೇಲೆ ಆಕೆಯ ಹೆಬ್ಬೆರಳು ಸವೆಸಿದ ತಗ್ಗನ್ನೂ ಬಿಡಲಿಲ್ಲ,
ಕಂಡದ್ದನ್ನು ಬರೆಯುವುದು ನನ್ನ ಚಾಳಿ.
ಹಿಡಿದ ಕೈ ಮಾತ್ರ ಚುಕ್ಕಿ, ಚುಕ್ಕಿ, ಚುಕ್ಕಿ,
ಇರುವೆ ಸಾಲು ಹೋದ ಹಾಗೆ ಮಣಿಕಟ್ಟಿನವರೆಗೆ.
ಆಮೇಲೆ ಹಾಳೆ.

ಸಹಿ ಹಾಕಲು ಬಂದವಳು
ಚಿತ್ರವನ್ನೇ ನೋಡುತ್ತ ನಿಂತಳು.
"ಇದು ಯಾರ ಕೈ?"
ನಿಮ್ಮದೇ.
"ನನ್ನ ಹೆಬ್ಬೆರಳು ಇಷ್ಟು ನೆಟ್ಟಗಿಲ್ಲ."
ಮೇಜಿನ ಮೇಲೆ ಇಟ್ಟು ತೋರಿಸಿದಳು:
ಕುಡುಗೋಲಿನ ಹಾಗೆ ಹಿಂದಕ್ಕೆ ಬಾಗಿತ್ತು.
ಮರ್ಯಾದೆಗೆಂದು ನೇರ ಮಾಡಿದ್ದೆ.
"ಚುಕ್ಕಿಯಾದರೂ ಸರಿಯಾದ ಕಡೆ ಇಡಪ್ಪ."

ಬ್ಲೇಡಿನಲ್ಲಿ ಕೆರೆದು ಏಳು ಚುಕ್ಕಿ ಸರಿಸಿದೆ.

ಶುಲ್ಕ ಮೂವತ್ತು ಡಾಲರ್, ಪೂರ್ತಿ ಚಿಲ್ಲರೆ.
ನಾಣ್ಯಕ್ಕೊಂದು ಬಣ್ಣ ಮೆತ್ತಿತ್ತು,
ಯಾರಯಾರದೋ ಅಡುಗೆಮನೆಯ ಹಳದಿ, ಯಾರದೋ ಮಲಗುವ ಕೋಣೆಯ ನೀಲಿ.
ಮುನ್ನೂರು ಮಾರಿದಳು ಅಂತ ಕೇಳಿದೆ, ಮನೆ ಮನೆ ಬಾಗಿಲಿಗೆ ಹೋಗಿ.
ಅಷ್ಟರಲ್ಲಿ ಯುದ್ಧ; ರಬ್ಬರೆಲ್ಲ ಸರಕಾರಕ್ಕೆ.
ಹದಿನೇಳು ವರ್ಷ ಕಳೆದು ಕಚ್ಚು ಊರೆಲ್ಲರದಾಯಿತು.

ಮೊನ್ನೆ ಹಾರ್ಡ್‌ವೇರ್ ಅಂಗಡಿಯಲ್ಲಿ ಕಂಡಿತು:
ಪ್ಲಾಸ್ಟಿಕ್ ಹಿಡಿ, ಅಚ್ಚಿನಲ್ಲೇ ಎರೆದ ಬಟ್ಟಲು,
ಅಂಚಿನಲ್ಲಿ ಜೋಳದ ಕಾಳಿನಷ್ಟು ಕಚ್ಚು,
ಹಿಡಿಯ ಮೇಲೆ ಹೆಬ್ಬೆರಳಿಗೊಂದು ತಗ್ಗು.
ಕೊಂಡು ತಂದು ಏಣಿ ಹತ್ತಿದೆ.
ಮೊಣಕೈಗೆ ಒಂದು ಹನಿಯೂ ಇಳಿಯಲಿಲ್ಲ, ನಿಜ.
ಆದರೆ ಹೆಬ್ಬೆರಳು ಕೂರಲೊಲ್ಲದು;
ಡಬ್ಬಿಗೆ ಸುರಿಯಲು ಹೋದರೆ ಮಣಿಕಟ್ಟು ತಿರುಚಿಕೊಳ್ಳುತ್ತದೆ.

ಏಣಿಯ ಮೇಲೆ ಹಾಗೇ ನಿಂತೆ ಸ್ವಲ್ಪ ಹೊತ್ತು.

ಆಮೇಲೆ ಹೊಳೆಯಿತು. ಇಂಪಿ ಎಡಚಿ.
ಕುಂಚವನ್ನು ಎಡಗೈಗೆ ದಾಟಿಸಿದೆ.
ಕೂತಿತು.